ಸಮಸ್ಯೆ: ಕೊಟ್ಟ ಬಾವುಟ ಬಟ್ಟೆ ಕೊರಳಿಗೆ ಹಗ್ಗವಾಯಿತಲಾ

ಗೆಳೆಯರೇ, ಈ ವಾರದ ಸಮಸ್ಯೆ ಭಾಮಿನಿ ಷಟ್ಪದಿಯಲ್ಲಿ. ಮೇಲಿನದು ಆರನೆಯ ಸಾಲು; ಅದಕ್ಕೆ ಹೊಂದುವ ಮೊದಲ ಐದು ಸಾಲು ಕಟ್ಟಿ ಪದ್ಯ ತುಂಬುವುದೇ ಪೂರಣ. ‘ಟ್ಟ’ ಪ್ರಾಸ ಬಿಡುವಂತಿಲ್ಲ.

ವಸ್ತು ಆಫ್ರಿಕಾದ ಒಳನಾಡು ಹುಡುಕಿ ಹೋದ ಅನ್ವೇಷಕ ಪಿಯೆರ್ ಸವೊರ್ನ್ಯಾನ್ ದ ಬ್ರಾಝಾನ ಬದುಕು. ಇಟಲಿಯ ಮನೆತನದವನು, 1874ರಲ್ಲಿ ಫ್ರಾನ್ಸಿನ ಪ್ರಜೆಯಾದ. 1880ರ ಸೆಪ್ಟೆಂಬರ್ 10ರಂದು ಕಾಂಗೋ ನದಿ ಸೀಮೆಯ ಟೇಕೆ ಜನರ ಅರಸ ಮಾಕೋಕೋ ಜೊತೆ ಒಪ್ಪಂದ ಮಾಡಿಕೊಂಡ. ಊರೂರಿಗೆ ಫ್ರೆಂಚ್ ಬಾವುಟ ಹಂಚಿದ. 1886ರಿಂದ ಅಲ್ಲಿನ ಆಡಳಿತಗಾರ. 1898ರಲ್ಲಿ ಅವನನ್ನು ತೆಗೆದುಹಾಕಿದರು. ಮರುವರ್ಷವೇ ಆ ನೆಲವನ್ನು ಸುಮಾರು 40 ಕಂಪನಿಗಳಿಗೆ ಹಂಚಿಕೊಟ್ಟರು. ಉಳಿದದ್ದು ನಿಮಗೆ ಬಿಟ್ಟಿದ್ದು.

ಮೊದಲ ಪೂರಣ:

ತಟ್ಟಿ ಅರಸನ ಕದವ ಮೆಲ್ಲನೆ
ನೆಟ್ಟು ಗಿಡವನು ಗುಂಡು ಹೂಳುತ
ಬಿಟ್ಟು ಬಿಡಿರೈ ಜಗಳವೆಂದನು ಬಂದ ಪರದೇಶಿ
ಪಟ್ಟ ಕಸಿದರು, ರಬರಿಗೋಸುಗ
ಕಟ್ಟಿ ತಂದರು ಮಡದಿ ಮಕ್ಕಳ
ಕೊಟ್ಟ ಬಾವುಟ ಬಟ್ಟೆ ಕೊರಳಿಗೆ ಹಗ್ಗವಾಯಿತಲಾ

ಭೇಷ್ ಸರ್! ಎರಡನೆಯ ಸಾಲು ಓದಿ ಮೈ ಜುಮ್ಮೆಂದಿತು. ಗೊತ್ತಿಲ್ಲದವರಿಗೆ ಹೇಳಿಬಿಡ್ತೇನೆ. 1878ರಲ್ಲಿ ಕಾಂಗೋ ಸೇರುವ ಅಲಿಮಾ ನದಿಯಲ್ಲಿ ಬ್ರಾಝಾನಿಗೂ ಅಲ್ಲಿನವರಿಗೂ ಗುಂಡಿನ ಕಾಳಗವೇ ಆಗಿತ್ತು. ಎರಡು ವರ್ಷದ ಮೇಲೆ ನದಿ ನಾಯಕರ ಜೊತೆ ರಾಜಿಯಾದಾಗ ಒಂದು ಗುಂಡಿ ತೋಡಿದರು. ನಾಯಕರು ತಮ್ಮ ಗುಂಡು, ಚಕಮಕಿ ಕಲ್ಲು ಹಾಕಿದರು. ಬ್ರಾಝಾ ತೋಟಾಗಳನ್ನು ಹಾಕಿದ. ಮಣ್ಣು ಮುಚ್ಚಿ ಮೇಲೊಂದು ಮರ ನೆಟ್ಟರು. ಯುದ್ಧವನ್ನೇ ಹೂತೆವು ಅಂತ ಅದರ ಅರ್ಥ. ‘ರಬರು’ ಅಂತ ಒಂದು ಮಾತ್ರೆ ಇಳಿಸಿದ್ದೂ ಒಪ್ಪುತ್ತದೆ.

ಎರಡನೆಯ ಪೂರಣ:

ಮೆಟ್ಟಿ ಬಂದನು ಮರಳಿ ನೆಲವನು
ಗುಟ್ಟನೆಲ್ಲವ ಬಗೆದು ಬರೆದನು
ಮುಟ್ಟದಾದನು ಮನೆಯ, ಡಾಕರಿನಲ್ಲೆ ಉಸಿರಡಗಿ
ಕಟ್ಟಿ ಬರಹವ ಬೀಗ ಜಡಿದರು
ದಿಟ್ಟ ನುಡಿಯನು ಹಿಸುಕಲವನಿಗೆ
ಕೊಟ್ಟ ಬಾವುಟ ಬಟ್ಟೆ ಕೊರಳಿಗೆ ಹಗ್ಗವಾಯಿತಲಾ

ಮೇಡಂ, ಇಲ್ಲಿ ಬಾವುಟ ಕೊಟ್ಟವರೇ ಬದಲಾಗಿಬಿಟ್ಟರು ಅಲ್ವಾ! ಕೊಟ್ಟದ್ದು ಫ್ರಾನ್ಸು, ಕೊರಳು ಬ್ರಾಝಾನದು. ಸಮಸ್ಯೆ ಕೊಡುವಾಗ ನನಗೇ ಇದು ಹೊಳೆದಿರಲಿಲ್ಲ. 1905ರಲ್ಲಿ ಸರ್ಕಾರವೇ ಅವನನ್ನು ತನಿಖೆಗೆ ಕಳಿಸಿತು. ಅಲ್ಲಿ ಗಂಡಸರು ರಬ್ಬರು ತರುವವರೆಗೆ ಅವರ ಹೆಂಡತಿ ಮಕ್ಕಳನ್ನು ಕಂಪನಿಯವರೂ ಅಧಿಕಾರಿಗಳೂ ಒತ್ತೆ ಹಿಡಿಯುತ್ತಿದ್ದರು. ಬಾಂಗಿ ಎಂಬ ಊರಿನಲ್ಲಿ ಹಾಗೆ ಕೂಡಿಹಾಕಿದ್ದ 45 ಹೆಂಗಸರು ಸತ್ತಿದ್ದರು. ಇದನ್ನೆಲ್ಲ ಹೊತ್ತು ಹೊರಟವನು ಸೆಪ್ಟೆಂಬರ್ 14ರಂದು ದಾರಿಯಲ್ಲೇ, ಸೆನೆಗಾಲಿನ ಡಾಕರಿನಲ್ಲಿ ತೀರಿಕೊಂಡ. ವರದಿಯನ್ನು ಮುಚ್ಚಿಟ್ಟರು. ಅದು ಅಚ್ಚಾಗಿದ್ದು 2014ರಲ್ಲಿ! ಸರ್ಕಾರ ದೊಡ್ಡ ಗೌರವದ ಸಮಾಧಿ ಕೊಡುತ್ತೇನೆಂದಾಗ ಹೆಂಡತಿ ತೆರೇಸ್ ಬೇಡವೆಂದಳು. ಆಕೆಯ ಮೇಲೆ ನನಗೆ ತುಂಬ ಗೌರವ.

ಇಷ್ಟಾದರೂ ಬ್ರಾಝಾ ಪೂರ್ತಿ ನಿರ್ದೋಷಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಾಗಿಲು ತೆರೆದವನು ಅವನೇ. ನಗುತ್ತಲೇ ತೆರೆದ, ಅಷ್ಟೆ. ಮೊದಲ ಪೂರಣದ ‘ಪರದೇಶಿ’ ಆ ಎರಡನ್ನೂ ಹಿಡಿದಿದೆ. ಅದಕ್ಕೇ ಆ ಪದ್ಯ ನನಗೆ ಒಂದು ತೂಕ ಜಾಸ್ತಿ.

ಇನ್ನೊಂದು ದಾರಿ ಖಾಲಿ ಇದೆ. ಸೆನೆಗಾಲಿನ ಸಾರ್ಜೆಂಟ್ ಮಲಮೀನ್ ಕಮಾರಾ. ಬೆರಳೆಣಿಕೆಯ ಜನರ ಜೊತೆ ಅವನನ್ನು ನದಿ ದಡದಲ್ಲಿ ಬಿಟ್ಟು ಬ್ರಾಝಾ ಹೊರಟುಹೋದ. 1881ರಲ್ಲಿ, ಬೆಲ್ಜಿಯಂ ದೊರೆಯ ಪರವಾಗಿ ನೆಲ ಹಿಡಿಯಲು ಹೊರಟಿದ್ದ ಅನ್ವೇಷಕ ಸ್ಟ್ಯಾನ್ಲಿ ಬಂದಾಗ ಮಲಮೀನ್ ಒಪ್ಪಂದದ ಕಾಗದ ತೋರಿಸಿ ನಿಂತ. ಸ್ಟ್ಯಾನ್ಲಿ ಆಚೆ ದಡಕ್ಕೆ ಹೋಗಬೇಕಾಯಿತು. ಆ ಬಾವುಟ ಕಾದವನ ಬಾಯಲ್ಲಿ ಈ ಸಾಲು ಹೇಗೆ ಕೇಳೀತು? ಯಾರಾದರೂ ಕೈ ಹಾಕಿ. ‘ಬಿಟ್ಟು ಹೋದನು’ ಅಂತ ಶುರು ಮಾಡಿದರೆ ಗಣ ತಾನಾಗಿ ಕೂರುತ್ತದೆ.