ಇಂಗ್ಲಿಷ್ ವಾಕ್ಯದ ನಡುವೆ ಸೇರಿಸುವ ವಿವರವನ್ನು ಎಲ್ಲಿಡಬೇಕು?

ತೀರ್ಥಹಳ್ಳಿಯಿಂದ ಪ್ರಶ್ನೆ:
ಅಡಿಕೆ ಮಂಡಿಯೊಂದರಲ್ಲಿ ಪತ್ರ ವ್ಯವಹಾರ ನೋಡಿಕೊಳ್ಳುತ್ತೇನೆ. ಹೊರರಾಜ್ಯದವರಿಗೆ ಇಂಗ್ಲಿಷಿನಲ್ಲಿ ಬರೆಯುವಾಗ, ನಡುವೆ ಸೇರಿಸುವ ವಿವರ ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ. ಮೊನ್ನೆ ‘ವಿ ಸೆಂಟ್ ದ ರಾಶಿ ಟು ದ ಬಯರ್, ವೆಲ್ ಡ್ರೈಡ್’ ಎಂದು ಬರೆದೆ (ರಾಶಿ ಎಂದರೆ ಅಡಿಕೆಯ ಒಂದು ಬಗೆ). ಏನೋ ತಪ್ಪಿದೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಅನುಭವವಿರುವವರು ತಿಳಿಸುತ್ತೀರಾ?

ಸಾಗರದಿಂದ:
ತಂಗಿ, ನಿಮ್ಮ ವಾಕ್ಯದಲ್ಲಿ ಒಣಗಿದ್ದು ಅಡಿಕೆಯಲ್ಲ, ಖರೀದಿದಾರ. ಕನ್ನಡದಲ್ಲಿ ‘ಚೆನ್ನಾಗಿ ಒಣಗಿದ ರಾಶಿ’ ಎಂದು ಹೆಸರಿಗೆ ಮೊದಲೇ ವಿವರವನ್ನು ಕಟ್ಟಿಬಿಡುತ್ತೇವೆ, ಅದು ಅತ್ತಿತ್ತ ಸರಿಯುವುದಿಲ್ಲ. ಇಂಗ್ಲಿಷಿನಲ್ಲಿ ಇಂಥ ವಿವರ ಹೆಸರಾದ ಮೇಲೆ ಬರುತ್ತದೆ, ಹತ್ತಿರ ಯಾವ ಹೆಸರು ಸಿಕ್ಕಿತೋ ಅದಕ್ಕೇ ಅಂಟಿಕೊಳ್ಳುತ್ತದೆ. ರಾಶಿಯ ಪಕ್ಕದಲ್ಲೇ ಇಡಿ.

ಅಲ್ಪವಿರಾಮದ ವಿಷಯದಲ್ಲಿ ನಾನು ಪೆಟ್ಟು ತಿಂದವಳು. ಒಂದು ಮಳೆಗಾಲ 40 ಚೀಲ ಬೆಟ್ಟೆ (ಅಡಿಕೆಯ ಇನ್ನೊಂದು ಬಗೆ) ಕಳಿಸಿದ್ದೆವು. ದಾರಿಯಲ್ಲಿ ಟಾರ್ಪಾಲು ಹರಿದು 6 ಚೀಲ ನೆನೆದವು. ‘ಪ್ಲೀಸ್ ರಿಟರ್ನ್ ದ ಬ್ಯಾಗ್ಸ್, ವಿಚ್ ಗಾಟ್ ವೆಟ್’ ಎಂದು ಬರೆದೆ. ಹತ್ತು ದಿನಕ್ಕೆ 40 ಚೀಲವೂ ಅಂಗಳಕ್ಕೆ ಬಂದಿಳಿದವು, ಲಾರಿ ಬಾಡಿಗೆ ನಮ್ಮ ತಲೆಗೆ. ಆ ಅಲ್ಪವಿರಾಮದಿಂದ ‘ಚೀಲಗಳನ್ನು ಕಳಿಸಿ, ಅವೆಲ್ಲ ನೆನೆದಿವೆ’ ಎಂಬ ಅರ್ಥವಾಗಿತ್ತು. ‘ದ ಬ್ಯಾಗ್ಸ್ ದಟ್ ಗಾಟ್ ವೆಟ್’ ಎಂದು ವಿರಾಮವಿಲ್ಲದೆ ಬರೆದಿದ್ದರೆ ನೆನೆದ ಆರೇ ಬರುತ್ತಿದ್ದವು. ಯಾವುದೆಂದು ಗುರುತಿಸಲು ಬೇಕಾದ ಮಾತಿಗೆ ಅಲ್ಪವಿರಾಮ ಹಾಕಬೇಡಿ. ತೆಗೆದರೂ ನಡೆಯುವ ಮಾತಿಗೆ ಮಾತ್ರ ಹಾಕಿ.

ಶಿವಮೊಗ್ಗದಿಂದ:
ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬೋರ್ಡಿನ ಮೇಲೆ ನಾನು ಬರೆಯುವ ವಾಕ್ಯ ಇದು: ‘ದ ಲಿಂಗನಮಕ್ಕಿ ಡ್ಯಾಮ್, ಕಂಪ್ಲೀಟೆಡ್ ಇನ್ 1964, ಸ್ಟ್ಯಾಂಡ್ಸ್ ಆನ್ ದ ಶರಾವತಿ.’ ಇಸವಿಯನ್ನು ಕೊನೆಗೆ ತಳ್ಳಿದರೆ ನದಿಯನ್ನೇ 1964ರಲ್ಲಿ ಕಟ್ಟಿದಂತಾಗುತ್ತದೆ. ಮಕ್ಕಳು ಮೊದಲ ಅಲ್ಪವಿರಾಮ ಹಾಕಿ ಎರಡನೆಯದನ್ನು ಮರೆಯುತ್ತಾರೆ. ಉಣುಗೋಲಿಗೆ, ಅಂದರೆ ಬೇಲಿಯ ದಾರಿಗೆ ಅಡ್ಡ ಇಡುವ ಗಳುವಿಗೆ, ಎರಡೂ ಬದಿ ಕಂಬ ಬೇಕು ಎನ್ನುತ್ತೇನೆ, ತೋಟದ ಮನೆಯ ಮಕ್ಕಳಿಗೆ ಮತ್ತೆ ಹೇಳಬೇಕಾಗುವುದಿಲ್ಲ.

ಕ್ರಿಯಾಪದದ ಮೇಲೂ ಕಣ್ಣಿರಲಿ. ‘ದ ಸೆಕ್ರೆಟರಿ, ಅಲಾಂಗ್ ವಿತ್ ದ ಮೆಂಬರ್ಸ್, ಈಸ್ ಕಮಿಂಗ್’ ಎಂಬುದೇ ಸರಿ. ನಡುವಿನ ಸದಸ್ಯರು ಎಷ್ಟೇ ಜನರಿರಲಿ, ಕ್ರಿಯಾಪದ ಕಾರ್ಯದರ್ಶಿಯ ಲೆಕ್ಕಕ್ಕೇ ಸೇರಿದ್ದು.

ನನಗೆ ತುಂಬ ಇಷ್ಟದ ಪದ ‘ಹೌಎವರ್’. ‘ದ ರಾಶಿ ವಾಸ್ ಸೋಲ್ಡ್. ದ ಬೆಟ್ಟೆ, ಹೌಎವರ್, ವಾಸ್ ನಾಟ್’ ಎಂದಾಗ ಓದುಗ ಬೆಟ್ಟೆಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಾನೆ, ಒತ್ತು ಅದರ ಮೇಲೆ ಬೀಳುತ್ತದೆ. ನಾವು ‘ಬೆಟ್ಟೆ ಮಾತ್ರ’ ಎಂದಂತೆ.

ಹೊಸನಗರದಿಂದ:
ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಏನನ್ನೂ ತುರುಕಬೇಡಿ. ‘ವಿ ರಿಸೀವ್ಡ್, ಆನ್ ಮಂಡೇ, ಯುವರ್ ಚೆಕ್’ ಎಂದು ಓದುವಾಗ ನಾಲಗೆ ಎಡವುತ್ತದೆ. ಸೋಮವಾರವನ್ನು ವಾಕ್ಯದ ಮೊದಲಿಗೋ ಕೊನೆಗೋ ಕಳಿಸಿ.

ತೀರ್ಥಹಳ್ಳಿಯಿಂದ:
ಅಕ್ಕ, ಮೇಷ್ಟ್ರೇ, ಎಲ್ಲರಿಗೂ ವಂದನೆಗಳು. ‘ವಿ ಸೆಂಟ್ ದ ರಾಶಿ, ವೆಲ್ ಡ್ರೈಡ್, ಟು ದ ಬಯರ್’ ಎಂದು ತಿದ್ದಿದ್ದೇನೆ. ನೆನೆದ ಚೀಲಗಳ ಪತ್ರವೊಂದು ನನ್ನ ಮೇಜಿನ ಮೇಲೂ ಇದೆ, ಕಳಿಸುವ ಮೊದಲು ಅದರ ಅಲ್ಪವಿರಾಮ ನೋಡುತ್ತೇನೆ.