ಬೋಟಿನ ಪೆಟ್ರೋಲ್ ಟ್ಯಾಂಕಿಗೆ ಯಾವ ಲೆವೆಲ್ ಸೆನ್ಸರ್ ಹಾಕಿಸೋದು? (65 ಲೀಟರ್, ಅಲ್ಯೂಮಿನಿಯಂ)

ಯಗಚಿ_ಬೋಟ್, ಬೇಲೂರು

ಎಲ್ಲರಿಗೂ ನಮಸ್ಕಾರ. ಯಗಚಿ ಹಿನ್ನೀರಿನಲ್ಲಿ ಓಡುವ 18 ಅಡಿ ಫೈಬರ್ ಬೋಟು. 40 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್, 12 ವೋಲ್ಟ್ ಬ್ಯಾಟರಿ. ನೆಲದ ಹಲಗೆಯ ಕೆಳಗೆ ಅಲ್ಯೂಮಿನಿಯಂ ಟ್ಯಾಂಕ್ ಇದೆ, ಒಳ ಅಳತೆ ಉದ್ದ 60, ಅಗಲ 40, ಎತ್ತರ 27 ಸೆಂ.ಮೀ. ತಗಡು 3 ಮಿ.ಮೀ. ತೋಳಿನ ತುದಿಗೆ ಫ್ಲೋಟ್ ಇರುವ ಹಳೇ ಟ್ಯಾಂಕ್ ಯೂನಿಟ್ ಟ್ಯಾಂಕಿನ ಹಿಂತುದಿಯಲ್ಲಿದೆ. ಅದರ ತೋಳು ಸಿಕ್ಕಿಕೊಂಡು ಮುಳ್ಳು ಮುಕ್ಕಾಲಿನಲ್ಲೇ ನಿಂತಿದೆ. ಡ್ಯಾಶ್‌ಬೋರ್ಡಿನ ಗೇಜ್ ಸರಿಯಿದೆ ಅನ್ನಿಸುತ್ತೆ, ಆದರೆ ಅದರ ಹಿಂದೆ ಏನೂ ಬರೆದಿಲ್ಲ.

ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡಿಯ ಫ್ಲೋಟ್ ಹಾಕಬಹುದಾ? ಆನ್‌ಲೈನ್‌ನಲ್ಲಿ ನೇರ ಪೈಪಿನ ಸ್ಟೀಲ್ ಸೆನ್ಸರ್ ಸಿಗುತ್ತೆ, ಚಲಿಸುವ ಭಾಗವೇ ಇಲ್ಲದ ಕೆಪ್ಯಾಸಿಟಿವ್ ಕೂಡ ಸಿಗುತ್ತೆ. ಯಾವುದು ತಗೊಳ್ಳಲಿ? ಹಳೇ ತೂತಿಗೇ ಕೂರಿಸಿದರೆ ಸಾಕಾ?

ಮೀಟರ್_ಗೇಜ್, ಹಾಸನ

ಸೆನ್ಸರ್ ಆಮೇಲೆ ನೋಡೋಣ, ಮೊದಲು ನಿಮ್ಮ ಗೇಜ್ ಯಾವ ಪದ್ಧತಿಯದು ಅಂತ ಗೊತ್ತಾಗಬೇಕು. ಸೆನ್ಸರಿನ ವಿದ್ಯುತ್ ತಡೆ (ಅಳತೆ ಓಮ್‌ನಲ್ಲಿ) ಬದಲಾದಂತೆ ಗೇಜಿನ ಮುಳ್ಳು ಅಲ್ಲಾಡೋದು. ಬೋಟ್ ಗೇಜ್‌ಗಳಲ್ಲಿ ಎರಡು ಪದ್ಧತಿ ಹೆಚ್ಚು ಬಳಕೆಯಲ್ಲಿವೆ. ಅಮೆರಿಕದ್ದರಲ್ಲಿ ಟ್ಯಾಂಕ್ ಖಾಲಿ ಇದ್ದಾಗ 240 ಓಮ್, ಅರ್ಧಕ್ಕೆ 103ರ ಆಸುಪಾಸು, ತುಂಬಿದಾಗ 33. ಯುರೋಪಿನದು ತಿರುಗಾಮುರುಗಾ: ಖಾಲಿಗೆ 10, ತುಂಬಿದಾಗ 180. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬರುವ ಪೈಪ್ ಸೆನ್ಸರ್‌ಗಳಲ್ಲಿ ಎಷ್ಟೋ 0–190 ಓಮ್‌ನವು. ಅವು ಯುರೋಪ್ ಗೇಜ್ ಜೊತೆ ಹೆಚ್ಚುಕಮ್ಮಿ ಹೊಂದುತ್ತವೆ. ಅಮೆರಿಕನ್ ಗೇಜಿಗೆ ಹಾಕಿದರೆ ಖಾಲಿ ಟ್ಯಾಂಕಿಗೆ ಫುಲ್ ತೋರಿಸುತ್ತವೆ!

ಪತ್ತೆ ಹಚ್ಚೋದು ಸುಲಭ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 1 ವ್ಯಾಟ್‌ನ ರೆಸಿಸ್ಟರ್ ತನ್ನಿ: 33 ಓಮ್, 100 ಓಮ್, 220 ಮತ್ತು 22. ಕೊನೆಯ ಎರಡನ್ನು ಸಾಲಾಗಿ ಜೋಡಿಸಿದರೆ 242 ಆಗುತ್ತೆ, ಸಾಕು. ಗೇಜಿನ ಹಿಂದೆ ‘ಎಸ್’ ಅಂತಿರುವ ಟರ್ಮಿನಲ್‌ನಿಂದ ಸೆನ್ಸರ್ ವೈರ್ ಕಳಚಿ, ಆ ಟರ್ಮಿನಲ್‌ಗೂ ನೆಗೆಟಿವ್‌ಗೂ ನಡುವೆ ಒಂದೊಂದೇ ರೆಸಿಸ್ಟರ್ ಹಾಕಿ ಕೀ ಆನ್ ಮಾಡಿ. 33ಕ್ಕೆ ಮುಳ್ಳು ಫುಲ್‌ಗೆ, 100ಕ್ಕೆ ಅರ್ಧಕ್ಕೆ, 242ಕ್ಕೆ ಖಾಲಿಗೆ ಹೋದರೆ ಅಮೆರಿಕನ್. 33ಕ್ಕೆ ಕೆಳಗಿದ್ದು 242ಕ್ಕೆ ಫುಲ್ ದಾಟಿದರೆ ಯುರೋಪಿನದು. ಯಾವುದಕ್ಕೂ ಮುಳ್ಳು ಅಲ್ಲಾಡದಿದ್ದರೆ ಗೇಜೇ ಹೋಗಿದೆ, ಅಥವಾ ಅದಕ್ಕೆ ಪ್ಲಸ್ಸೋ ನೆಗೆಟಿವ್ವೋ ಬರುತ್ತಿಲ್ಲ.

ಟ್ರ್ಯಾಕ್ಟರ್ ಫ್ಲೋಟ್ ಬೇಡ. ಅದರ ಓಮ್ ಆಯಾ ಕಂಪನಿಯ ಗೇಜಿಗೆ ಹೊಂದುವಂತೆ ಮಾಡಿದ್ದು, ತೋಳಿನ ಉದ್ದವೂ ಆ ಟ್ಯಾಂಕಿನ ಆಳಕ್ಕೆ ಮಾಡಿದ್ದು. ತೋಳನ್ನು ಬಗ್ಗಿಸಿ ಹೊಂದಿಸಬಹುದು, ಓಮ್ ಹೊಂದಿಸೋಕಾಗಲ್ಲ.

ನಿಮ್ಮ ಟ್ಯಾಂಕಿಗೆ ನನ್ನ ಮತ ನೇರ ಪೈಪಿನದಕ್ಕೇ, ಅಂದರೆ ರೀಡ್ ಸ್ವಿಚ್ ಸೆನ್ಸರ್. 316 ಸ್ಟೀಲ್ ಪೈಪಿನೊಳಗೆ ಸಾಲಾಗಿ ರೀಡ್ ಸ್ವಿಚ್ಚುಗಳು (ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಪುಟ್ಟ ಸ್ವಿಚ್ಚುಗಳು), ಹೊರಗೆ ಅಯಸ್ಕಾಂತ ಇಟ್ಟಿರುವ ಫ್ಲೋಟ್. ಒಳಗಿನ ವಿದ್ಯುತ್ ಭಾಗಕ್ಕೆ ಪೆಟ್ರೋಲ್ ಸೋಂಕುವುದಿಲ್ಲ. ತೋಳಿನ ಯೂನಿಟ್ಟಿನಲ್ಲಿ ತಂತಿ ಸುತ್ತಿದ ಪಟ್ಟಿಯ ಮೇಲೆ ಬ್ರಷ್ ಉಜ್ಜುತ್ತಾ ಇರುತ್ತೆ. ಅಲೆಗೆ ದಿನವಿಡೀ ಅಲ್ಲಾಡಿ ಒಂದೇ ಕಡೆ ಸವೆಯುತ್ತೆ, ಮಳೆಗಾಲದ ತೇವಕ್ಕೆ ಕೀಲೂ ಸಿಕ್ಕಿಕೊಳ್ಳುತ್ತೆ. ನಿಮಗೆ ಆಗಿರೋದೂ ಅದೇ.

ಒಂದು ಮಿತಿ ಇದೆ: ರೀಡ್ ಸೆನ್ಸರ್ ಓದೋದು ಮೆಟ್ಟಿಲು ಮೆಟ್ಟಿಲಾಗಿ. ನಿಮ್ಮ ಟ್ಯಾಂಕಿನಲ್ಲಿ 1 ಸೆಂ.ಮೀ. ಎತ್ತರ ಅಂದರೆ 2.4 ಲೀಟರ್. ಸ್ವಿಚ್ಚುಗಳ ಅಂತರ 21 ಮಿ.ಮೀ. ಇದ್ದರೆ ಮುಳ್ಳು 5 ಲೀಟರಿಗೊಮ್ಮೆ ಜಿಗಿಯುತ್ತೆ, 12 ಮಿ.ಮೀ. ಇದ್ದರೆ ಸುಮಾರು 3 ಲೀಟರಿಗೊಮ್ಮೆ. ಟ್ಯಾಂಕ್ ಗಿಡ್ಡ ಇರೋದರಿಂದ ಸ್ವಲ್ಪ ಹೆಚ್ಚು ಕೊಟ್ಟಾದರೂ 12ರದ್ದು ತಗೊಳ್ಳಿ. ಪೈಪಿನ ಉದ್ದ ಟ್ಯಾಂಕಿನ ಆಳಕ್ಕಿಂತ 20 ಮಿ.ಮೀ. ಕಮ್ಮಿ, ಅಂದರೆ 250. ತಳಕ್ಕೆ ತಾಗುವಂತಿದ್ದರೆ ಬೋಟು ಅಲೆಗೆ ಬಿದ್ದಾಗಲೆಲ್ಲ ಪೈಪು ತಳವನ್ನು ಕುಟ್ಟುತ್ತೆ.

ಸರ್ಕ್ಯೂಟ್_ಚಿಕ್ಕಮಗಳೂರು

ಮೇಲಿನವರ ಮಾತಿಗೆ ಸ್ವಲ್ಪ ತಕರಾರು. ಅಲ್ಲಾಡುವ ಭಾಗವೇ ಇಲ್ಲದ ಕೆಪ್ಯಾಸಿಟಿವ್ ಬಿಟ್ಟು ಫ್ಲೋಟ್ ಯಾಕೆ? ಮೆಟ್ಟಿಲ ಕಾಟವೂ ಇರಲ್ಲ. ಉದ್ದ ಹೆಚ್ಚಾದರೆ ಕತ್ತರಿಸಿ ಕ್ಯಾಲಿಬ್ರೇಟ್ ಮಾಡಿಕೊಳ್ಳುವಂಥವೂ ಇವೆ.

ಮೀಟರ್_ಗೇಜ್, ಹಾಸನ

ಡೀಸೆಲ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ ಸಾರ್. ಇದು ಪೆಟ್ರೋಲ್, ಅದರಲ್ಲೂ ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆಸಿದ್ದು. ಕೆಪ್ಯಾಸಿಟಿವ್ ಸೆನ್ಸರ್ ಅಳೆಯೋದು ದ್ರವದ ಡೈಎಲೆಕ್ಟ್ರಿಕ್ ಗುಣವನ್ನ, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡಲು ಅದು ಎಷ್ಟು ನೆರವಾಗುತ್ತೆ ಅನ್ನೋದನ್ನ. ಬರೀ ಪೆಟ್ರೋಲಿಗೆ ಅದು 2ರ ಹತ್ತಿರ, ಎಥನಾಲ್‌ಗೆ 24ರ ಹತ್ತಿರ, ನೀರಿಗೆ 80. ಬರೀ ಪೆಟ್ರೋಲಿಗೆ ಹೊಂದಿಸಿದ ಸೆನ್ಸರ್ ಇ20ರಲ್ಲಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ಮಳೆಗಾಲದಲ್ಲಿ ನೀರು ಸೇರಿತು ಅನ್ನಿ, ಎಥನಾಲ್ ಅದನ್ನ ಎಳೆದುಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ಕೂರುತ್ತೆ. ಆಗ ಎರಡು ಸೆಂ.ಮೀ. ಎಥನಾಲ್-ನೀರಿಗೇ ಗೇಜ್ ಮೇಲಕ್ಕೆ ಹಾರುತ್ತೆ. ಇಂಧನ ಮುಗಿಯುವ ಹೊತ್ತಿಗೆ ಇದೆ ಅಂತ ತೋರಿಸುವ ಗೇಜ್ ಯಾರಿಗೆ ಬೇಕು? ಫ್ಲೋಟಿಗೆ ಇದರ ಗೊಡವೆ ಇಲ್ಲ, ತೇಲೋದಷ್ಟೇ ಅದರ ಕೆಲಸ.

ಹೊರಗಿನಿಂದ ಅಂಟಿಸುವ ಅಲ್ಟ್ರಾಸಾನಿಕ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡ್ತೀನಿ. ಅದನ್ನ ಟ್ಯಾಂಕಿನ ತಳಕ್ಕೆ ಕೆಳಗಿನಿಂದ ಅಂಟಿಸಬೇಕು. ಹಲಗೆಯಡಿ ಕೂರಿಸಿದ ಟ್ಯಾಂಕಿಗೆ ಅಲ್ಲಿ ಕೈ ಹೋಗಲ್ಲ.

ಲಕ್ಕವಳ್ಳಿ_ವರ್ಕ್‌ಶಾಪ್

ಹಳೇ ತೂತು ಹಿಂತುದಿಯಲ್ಲಿದೆ ಅಂದ್ರಲ್ಲ, ಅದನ್ನ ಬಿಡಿ ಮಾರಾಯ್ರೆ. ಓಡುವಾಗ ಮೂತಿ ಮೇಲೆದ್ದು ಪೆಟ್ರೋಲ್ ಹಿಂದಕ್ಕೆ ಹೋಗುತ್ತೆ. 5 ಡಿಗ್ರಿ ಎದ್ದರೂ 60 ಸೆಂ.ಮೀ. ಉದ್ದಕ್ಕೆ ಎರಡು ತುದಿಗಳ ನಡುವೆ 5 ಸೆಂ.ಮೀ. ವ್ಯತ್ಯಾಸ. ಹಿಂತುದಿಯ ಸೆನ್ಸರ್ ಸರಾಸರಿಗಿಂತ ಎರಡೂವರೆ ಸೆಂ.ಮೀ. ಹೆಚ್ಚು ನೋಡುತ್ತೆ, ಅಂದರೆ 6 ಲೀಟರ್ ಸುಳ್ಳು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬೋಟನ್ನ ದಡದ ಇಳಿಜಾರಿಗೆ ಎಳೆದು ನಿಲ್ಲಿಸ್ತೀರಲ್ಲ, ಅದು 10 ಡಿಗ್ರಿ ಇದ್ದರೆ ಸುಳ್ಳು 12 ಲೀಟರ್ ದಾಟುತ್ತೆ. ಬೆಳಿಗ್ಗೆ ದಡದಲ್ಲೇ ಗೇಜ್ ನೋಡಿ ಹೊರಟವರಿಗೆ ಅದು ನೀರಿನ ಮೇಲೆ ಹೋದಮೇಲೇ ಗೊತ್ತಾಗೋದು. ಉದ್ದಕ್ಕೂ ಅಗಲಕ್ಕೂ ನಟ್ಟನಡುವೆ ಕೂರಿಸಿ. ನಡುವೆ ಬ್ಯಾಫಲ್ ತಗಡು (ಪೆಟ್ರೋಲ್ ತುಳುಕದಂತೆ ಒಳಗೆ ಅಡ್ಡ ಹಾಕಿದ್ದು) ಇದ್ದರೆ ಅದರಿಂದ ಫ್ಲೋಟ್ ತಾಗದಷ್ಟು ದೂರ, 4–5 ಸೆಂ.ಮೀ. ಪಕ್ಕಕ್ಕೆ.

ಆಯಕಟ್ಟಿನ ಜಾಗ ಸಿಕ್ಕಿತು ಅಂತ ಬೋಟಿನಲ್ಲೇ ಡ್ರಿಲ್ ಹಿಡಿಯಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಗಾಳಿಯಲ್ಲಿ ಶೇ. 1.4ರಷ್ಟು ಪೆಟ್ರೋಲ್ ಆವಿ ಇದ್ದರೂ ಕಿಡಿಗೆ ಹತ್ತಿಕೊಳ್ಳುತ್ತೆ. ಆ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ಮಡುಗಟ್ಟಿ ಕೂರುತ್ತೆ. ಮೊದಲು ಬ್ಯಾಟರಿ ಕಳಚಿ. ಪೆಟ್ರೋಲನ್ನ ಲೋಹದ ಕ್ಯಾನಿಗೆ ಇಳಿಸಿ, ಟ್ಯಾಂಕ್ ಹೊರಗೆ ತೆಗೆಯಿರಿ, ಸೋಪುನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಆಮೇಲೆ ಕೊರೆಯುವ ಜಾಗದ ಹತ್ತಿರದವರೆಗೂ ನೀರು ತುಂಬಿಯೇ ಹೋಲ್ ಸಾ (ದುಂಡನೆ ತೂತು ಕೊರೆಯುವ ಗರಗಸ) ಹಾಕಿ. ನೀರು ತುಂಬಿದಾಗ ಆವಿಗೆ ಜಾಗವೇ ಇರಲ್ಲ. ಕೊರೆದ ಚೂರುಗಳು ನೀರಿನ ಜೊತೆ ಹೊರಬರುತ್ತವೆ, ಇಲ್ಲದಿದ್ದರೆ ಅವು ಫಿಲ್ಟರಿಗೆ ಹೋಗಿ ಕೂರುತ್ತವೆ.

ಸೆನ್ಸರಿನ ಫ್ಲ್ಯಾಂಜ್, ಅಂದರೆ ಟ್ಯಾಂಕಿನ ಮೇಲೆ ಸ್ಕ್ರೂ ಹಾಕಿ ಕೂರಿಸುವ ತಲೆಯ ಬಿಲ್ಲೆ, 5 ತೂತಿನದು; ತೂತುಗಳ ವೃತ್ತ 54 ಮಿ.ಮೀ. ಐದರಲ್ಲಿ ಒಂದು ತೂತು ಬೇಕೆಂದೇ ಅಂತರ ತಪ್ಪಿಸಿದ್ದು, ಹಾಗಾಗಿ ಅದು ಒಂದೇ ದಿಕ್ಕಿಗೆ ಕೂರುತ್ತೆ. ಅಂದಾಜಿನಲ್ಲಿ ಸಮ ಭಾಗ ಮಾಡಿ ಕೊರೆದರೆ ಕೆಟ್ಟಿತು. ಸೆನ್ಸರ್ ಜೊತೆ ಬರುವ ಗ್ಯಾಸ್ಕೆಟ್ಟನ್ನೇ ಅಚ್ಚಾಗಿ ಇಟ್ಟು ಗುರುತು ಮಾಡಿ. 3 ಮಿ.ಮೀ. ತಗಡಿನಲ್ಲಿ ಎಂ5 ಸ್ಕ್ರೂಗೆ ನಾಲ್ಕು ಸುತ್ತು ಥ್ರೆಡ್ಡೂ ಸಿಗಲ್ಲ, ನಡುಗಿ ನಡುಗಿ ಕಿತ್ತುಬರುತ್ತೆ. ಒಂದು ದಾರಿ, ಸೀಳಿದ ಬ್ಯಾಕಿಂಗ್ ರಿಂಗನ್ನ ತೂತಿನಿಂದ ಒಳಗೆ ಇಳಿಸಿ ಅದರ ಬೋಲ್ಟುಗಳು ಮೇಲಕ್ಕೆ ಬರುವಂತೆ ಕೂರಿಸೋದು. ಇನ್ನೂ ಒಳ್ಳೇದು, ಅಲ್ಯೂಮಿನಿಯಂ ಟಿಗ್ ವೆಲ್ಡಿಂಗ್ ಮಾಡುವವರ ಹತ್ತಿರ 10 ಮಿ.ಮೀ. ದಪ್ಪದ ಬಳೆ ಬೆಸೆಸಿ, ಅದರಲ್ಲಿ ತಳ ತೂರದ ತೂತು ಮಾಡಿಸಿ ಥ್ರೆಡ್ ಹಾಕಿಸೋದು. ಆಗ ಸ್ಕ್ರೂ ಪಕ್ಕದಿಂದ ಆವಿ ಸೋರಲು ದಾರಿಯೇ ಇಲ್ಲ. ಹಳೇ ತೂತನ್ನೂ ಅಲ್ಲೇ ಮುಚ್ಚಿಸಿಬಿಡಿ. ವೆಲ್ಡಿಂಗ್‌ಗೂ ನೀರು ತುಂಬುವ ನಿಯಮವೇ, ಉಳಿದ ಜಾಗಕ್ಕೆ ಆರ್ಗಾನ್ ಬಿಡಬೇಕು. ಇದನ್ನೆಲ್ಲ ಬೇಡ ಅನ್ನುವ ವೆಲ್ಡರ್ ಕೈಗೆ ಟ್ಯಾಂಕ್ ಕೊಡಬೇಡಿ.

ಗ್ಯಾಸ್ಕೆಟ್ ವಿಟಾನ್ ರಬ್ಬರಿನದು ಸಿಕ್ಕರೆ ಇ20ಗೆ ಒಳ್ಳೇದು, ನೈಟ್ರೈಲ್ ರಬ್ಬರ್ ಸ್ವಲ್ಪ ಉಬ್ಬುತ್ತೆ. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಮಾತ್ರ ಹಚ್ಚಬೇಡಿ, ಪೆಟ್ರೋಲಿಗೆ ಊದಿ ಕಿತ್ತುಬರುತ್ತೆ. ಸ್ಕ್ರೂಗಳನ್ನು ಎದುರುಬದುರಾಗಿ, ಗ್ಯಾಸ್ಕೆಟ್ ಅಂಚು ಒಂಚೂರು ಉಬ್ಬುವ ತನಕ ಬಿಗಿಯಿರಿ, ಮೇಲೆ ಬೇಡ.

ಸೋರಿಕೆ ನೋಡಲು 0.2 ಬಾರ್ ಸಾಕು, ಸೈಕಲ್ ಪಂಪು ಮತ್ತು ಸಣ್ಣ ಗೇಜ್ ಬಳಸಿ, ಮೇಲೆ ಸೋಪುನೀರು. ಅಷ್ಟಕ್ಕೇ 60×40ರ ಮೇಲ್ಮುಖದ ಮೇಲೆ ಸುಮಾರು 490 ಕೆ.ಜಿ. ಬಲ ಬೀಳುತ್ತೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಟ್ಯಾಂಕ್ ಡೋಲಾಗುತ್ತೆ.

ಯಗಚಿ_ಬೋಟ್, ಬೇಲೂರು

ಇಬ್ಬರಿಗೂ ಧನ್ಯವಾದ ಅಣ್ಣ. ರೆಸಿಸ್ಟರ್ ಹಾಕಿ ನೋಡಿದೆ, 33ಕ್ಕೆ ಫುಲ್, 242ಕ್ಕೆ ಖಾಲಿ. ಅಮೆರಿಕನ್ನೇ. ವೈರಿಂಗ್ ಹೇಗೆ? ಹಳೇದರಲ್ಲಿ ಒಂದೇ ವೈರ್ ಇತ್ತು, ನೆಗೆಟಿವ್ ಎಲ್ಲಿಂದ ಬರ್ತಿತ್ತೋ ಕಾಣಲ್ಲ.

ಮೀಟರ್_ಗೇಜ್, ಹಾಸನ

ಸ್ಕ್ರೂ ಮೂಲಕ ಟ್ಯಾಂಕಿಗೆ, ಟ್ಯಾಂಕಿನಿಂದ ಬಾಂಡಿಂಗ್ ವೈರಿಗೆ (ಲೋಹದ ಭಾಗಗಳನ್ನು ನೆಗೆಟಿವ್‌ಗೆ ಜೋಡಿಸುವ ವೈರ್) ಹೋಗುತ್ತಿತ್ತು ಅನ್ಸುತ್ತೆ. ಹಾಗೆ ಬಿಡಬೇಡಿ. ಸ್ಕ್ರೂ ಕಿಲುಬು ಹಿಡಿದಷ್ಟೂ ಓಮ್ ಏರುತ್ತೆ, ನಿಮ್ಮ ಗೇಜಿನಲ್ಲಿ ಓಮ್ ಏರಿತು ಅಂದರೆ ಮುಳ್ಳು ಇಳಿಯಿತು. ಫ್ಲ್ಯಾಂಜಿನಿಂದ ಬ್ಯಾಟರಿ ನೆಗೆಟಿವ್ ತನಕ ಬೇರೆಯೇ ಕಪ್ಪು ವೈರ್ ಎಳೆಯಿರಿ. ಸಿಗ್ನಲ್‌ಗೆ ಗುಲಾಬಿ ಬಣ್ಣದ್ದು, ಬೋಟುಗಳಲ್ಲಿ ರೂಢಿ ಅದೇ. ಎರಡೂ 1.5 ಚದರ ಮಿ.ಮೀ., ತವರ ಲೇಪಿಸಿದ ತಾಮ್ರ. ಕ್ರಿಂಪ್ ಮಾಡಿದ ರಿಂಗ್ ಟರ್ಮಿನಲ್, ಅದರ ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ). ಗೇಜಿನ ‘ಐ’ ಟರ್ಮಿನಲ್‌ಗೆ ಕೀಯಿಂದ ಬರುವ ಪ್ಲಸ್, ಅದರಲ್ಲಿ 2 ಆಂಪ್ ಫ್ಯೂಸ್. ‘ಜಿ’ ನೆಗೆಟಿವ್‌ಗೆ. ಪೆಟ್ರೋಲ್ ಹಾಕುವ ಮೂತಿ ಲೋಹದ್ದಾದರೆ ಅದನ್ನೂ ಟ್ಯಾಂಕಿಗೆ ವೈರಿನಿಂದ ಜೋಡಿಸಿರಿ, ಬಂಕಿನ ಪೈಪಿನಿಂದ ಹುಟ್ಟುವ ಸ್ಟ್ಯಾಟಿಕ್ ಇಳಿದುಹೋಗಬೇಕು.

ಸೆನ್ಸರ್ ಟರ್ಮಿನಲ್ಲಿಗೆ ನೇರ 12 ವೋಲ್ಟ್ ಕೊಟ್ಟು, ಅಥವಾ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡುವ ಚಾಳಿ ಗ್ಯಾರೇಜುಗಳಲ್ಲಿದೆ. ಒಳಗಿನ ರೆಸಿಸ್ಟರ್ ಸುಟ್ಟುಹೋಗುತ್ತೆ, ಕಿಡಿಯಾದರೆ ಪೆಟ್ರೋಲ್ ಆವಿಯ ಪಕ್ಕದಲ್ಲೇ. ಕೂರಿಸುವ ಮೊದಲು ಕೈಯಲ್ಲಿ ಹಿಡಿದು ಮಲ್ಟಿಮೀಟರ್ ಹಚ್ಚಿ: ಫ್ಲೋಟ್ ಕೆಳಗಿದ್ದರೆ 240, ಮೇಲಿದ್ದರೆ 33, ನಡುವೆ ಮೆಟ್ಟಿಲಾಗಿ ಇಳಿಯಬೇಕು. ಎಲ್ಲಾದರೂ ಅನಂತಕ್ಕೆ ಹೋದರೆ ಅಲ್ಲಿ ರೀಡ್ ಸತ್ತಿದೆ, ವಾಪಸ್ ಕಳಿಸಿ.

ಮುಂದೆ ಎಂದಾದರೂ ಕೈಕೊಟ್ಟರೆ: ಸಿಗ್ನಲ್ ವೈರ್ ತುಂಡಾದರೆ ಖಾಲಿ ತೋರಿಸುತ್ತೆ, ಎಲ್ಲೋ ಉಜ್ಜಿ ನೆಗೆಟಿವ್‌ಗೆ ತಾಗಿದರೆ ಫುಲ್. ಪರೀಕ್ಷೆಯನ್ನ ಗೇಜಿನ ಕಡೆಯೇ ಮಾಡಿ, ಟ್ಯಾಂಕಿನ ಬಳಿ ಬೇಡ.

ತೋಟ_ಸಕಲೇಶಪುರ

ನಡುವೆ ಬಾಯಿ ಹಾಕ್ತಿದೀನಿ. ತೋಟದಲ್ಲಿ ಸ್ಪ್ರಿಂಕ್ಲರ್ ಪಂಪಿನ ಡೀಸೆಲ್ ಟ್ಯಾಂಕ್ 1 ಮೀಟರ್ ಎತ್ತರದ್ದು. ನೀರಾವರಿ ಲೈನಿಗೆ ತಂದ 0–10 ಬಾರ್ ಪ್ರೆಶರ್ ಟ್ರಾನ್ಸ್‌ಮಿಟರ್ ಒಂದು ಉಳಿದಿದೆ. ಅದನ್ನೇ ತಳಕ್ಕೆ ಹಾಕಿದರೆ ಲೆವೆಲ್ ಬರಲ್ವಾ?

ಸರ್ಕ್ಯೂಟ್_ಚಿಕ್ಕಮಗಳೂರು

ಬರಲ್ಲ. 1 ಮೀಟರ್ ಡೀಸೆಲ್ ಅಂದರೆ ತಳದಲ್ಲಿ 0.08 ಬಾರ್. 10 ಬಾರಿನಲ್ಲಿ ಅದು ಶೇ. 1ಕ್ಕೂ ಕಮ್ಮಿ, ಆ ಯಂತ್ರದ ತಪ್ಪಳತೆಯೇ ಅಷ್ಟಿರುತ್ತೆ. ಒಂದು ಮೀಟರ್ ಆಳಕ್ಕೆ ಅಂತಲೇ ಬರುವ, ಡೀಸೆಲ್ ತಾಳುವ 4–20 ಮಿಲಿಆಂಪ್ ಲೆವೆಲ್ ಟ್ರಾನ್ಸ್‌ಮಿಟರ್ ತಗೊಳ್ಳಿ. ನಿಮ್ಮದು ಅಲ್ಲಾಡದ ಟ್ಯಾಂಕು, ತಳ ಕೈಗೆ ಸಿಗುವ ಹಾಗಿದ್ದರೆ ಹೊರಗಿನ ಅಲ್ಟ್ರಾಸಾನಿಕ್ಕೂ ನಡೆಯುತ್ತೆ. ಕೆಪ್ಯಾಸಿಟಿವ್ ಕೂಡ!

ಲಕ್ಕವಳ್ಳಿ_ವರ್ಕ್‌ಶಾಪ್

ಬೇಲೂರಿನವರಿಗೆ ಕೊನೇ ಕೆಲಸ ಹೇಳಿಬಿಡ್ತೀನಿ. ಕೂರಿಸಿದ ಮೇಲೆ ಬೋಟನ್ನ ನೀರಿನ ಮೇಲೆ ಸಮನಾಗಿ ನಿಲ್ಲಿಸಿ, ಖಾಲಿ ಟ್ಯಾಂಕಿಗೆ 5 ಲೀಟರ್ 5 ಲೀಟರ್ ಹಾಕುತ್ತಾ ಪ್ರತಿ ಸಲ ಮುಳ್ಳು ಎಲ್ಲಿದೆ ಅಂತ ಬರೆದಿಟ್ಟುಕೊಳ್ಳಿ. ಲೋಹದ ಕ್ಯಾನಿಗೆ ಮೊದಲೇ 5 ಕೆ.ಜಿ. ನೀರು ತೂಗಿ ಹಾಕಿ ಗುರುತು ಮಾಡಿದರೆ ಅದು 5 ಲೀಟರ್. ಆಮೇಲೆ ಚೆನ್ನಾಗಿ ಒಣಗಿಸಿ.

ಮೊದಲ 5 ಲೀಟರಿಗೆ ಮುಳ್ಳು ಅಲ್ಲಾಡಲ್ಲ, ಗಾಬರಿಯಾಗಬೇಡಿ. ಪೈಪು ತಳದಿಂದ 2 ಸೆಂ.ಮೀ. ಮೇಲಿದೆ, ಫ್ಲೋಟ್ ಎದ್ದೇಳಲು ಇನ್ನೊಂದಷ್ಟು ಬೇಕು. ಎಂಜಿನ್ನಿಗೆ ಹೋಗುವ ಪಿಕಪ್ ಪೈಪೂ ತಳದಿಂದ 2 ಸೆಂ.ಮೀ. ಮೇಲಿದ್ದರೆ ಸುಮಾರು 5 ಲೀಟರ್ ಎಂಜಿನ್ನಿಗೆ ಸಿಗೋದೇ ಇಲ್ಲ. ಹಾಗಾಗಿ 65 ಅಂತ ಲೆಕ್ಕ ಹಾಕಬೇಡಿ, 60 ಅನ್ನಿ. ನಿಮ್ಮ 40 ಎಚ್‌ಪಿ ಪೂರ್ತಿ ಥ್ರಾಟಲ್‌ಗೆ ಗಂಟೆಗೆ 13–15 ಲೀಟರ್ ಕುಡಿಯುತ್ತೆ. ಮೂರನೇ ಒಂದು ಭಾಗ ಹೋಗೋಕೆ, ಇನ್ನೊಂದು ಬರೋಕೆ, ಉಳಿದದ್ದು ಮುಟ್ಟಬಾರದು. ಟ್ಯಾಂಕ್ ತುಂಬಿಸಿ ಹೊರಟಿದ್ದರೆ, 20 ಲೀಟರ್ ಖರ್ಚಾಗಿ ಮುಳ್ಳು 45 ಲೀಟರ್ ಗುರುತಿಗೆ ಬಂತು ಅಂದರೆ ದಡಕ್ಕೆ ತಿರುಗಿಸಿ. ಗೇಜಿನ ಗಾಜಿನ ಮೇಲೆ ಆ ಜಾಗಕ್ಕೆ ಕೆಂಪು ಟೇಪ್ ಅಂಟಿಸಿಬಿಡಿ, ಬೋಟು ಬೇರೆಯವರು ಓಡಿಸಿದರೂ ಕಾಣುತ್ತೆ.