ಕಡುನೀಲಿ ಹೋಲೋ ನೇಲ್ ಪಾಲಿಶ್ ಬಿಸಿಲಿನಲ್ಲಿ ಹೊಳೆದು, ಮನೆಯೊಳಗೆ ಮಂಕಾಗುವುದೇಕೆ?

ನೀಲಿಬೆರಳು, ಬೀದರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸ್ವಲ್ಪವೇ ಕೈಯಿಂದ ಕಲಸಿ ಮಾರುವ ಇಂಡೀ ತಯಾರಕರೊಬ್ಬರಿಂದ ಕಡುನೀಲಿ ಹೋಲೋಗ್ರಾಫಿಕ್, ಅಂದರೆ ಬೆಳಕು ಬಿದ್ದಾಗ ಕಾಮನಬಿಲ್ಲಿನ ಬಣ್ಣ ಚಿಮ್ಮಿಸುವ, ನೇಲ್ ಪಾಲಿಶ್ ತರಿಸಿಕೊಂಡೆ. ಹಚ್ಚಿಕೊಂಡು ಮಾಳಿಗೆ ಹತ್ತಿದಾಗ, ಎಳೆಬಿಸಿಲಿನಲ್ಲಿ ಪ್ರತಿ ಉಗುರಿನ ನಡುವೆಯೂ ಕೆಂಪು, ಹಸಿರು, ನೇರಳೆ ಬೆರೆತ ಗೆರೆಯೊಂದು ಮೂಡಿ, ಬೆರಳು ಹೊರಳಿಸಿದಂತೆಲ್ಲ ಸರಿದಾಡಿತು. ಕೆಳಗಿಳಿದು ಟ್ಯೂಬ್‌ಲೈಟಿನಡಿ ಕುಳಿತರೆ ಅದೇ ಉಗುರು ಬೂದಿ ಕಲೆಸಿದ ನೀಲಿಯಂತೆ ಕಾಣುತ್ತದೆ. ಎರಡನೆಯ ಸಲ ಬ್ರಷ್ ಎಳೆದಾಗ ಮೊದಲ ಪದರ ಅಲ್ಲಲ್ಲಿ ಕಿತ್ತು ಬಂತು, ತೆಗೆದ ಮೇಲೆ ಉಗುರಂಚಿನಲ್ಲಿ ನೀಲಿ ಕಲೆ ಉಳಿಯಿತು. ಮುಂದಿನ ತಿಂಗಳು ಕಲಬುರಗಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಯಿದ್ದು, ಇದನ್ನೇ ಹಚ್ಚಿಕೊಳ್ಳಬೇಕೆಂಬ ಆಸೆಯಿದೆ. ದೋಷ ಬಣ್ಣದಲ್ಲಿದೆಯೇ, ನಾನು ಹಚ್ಚಿದ ರೀತಿಯಲ್ಲಿದೆಯೇ?

ಕಲಬುರಗಿ ಅಕ್ಕ

ತಂಗಿ, ನಿಮ್ಮ ಬಣ್ಣದಲ್ಲಿ ದೋಷವಿಲ್ಲ. ಹೋಲೋ ಪುಡಿಯ ಒಂದೊಂದು ಕಣದ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಸಾಲಾಗಿ ಇರುತ್ತವೆ, ಸಿ.ಡಿ.ಯ ಹಿಂಬದಿಯಲ್ಲಿ ಕಾಮನಬಿಲ್ಲು ಕಾಣುವುದೂ ಇಂಥ ಗೀರುಗಳಿಂದಲೇ. ಸೂರ್ಯ, ಮೊಬೈಲಿನ ಟಾರ್ಚ್, ಸಣ್ಣ ಎಲ್‌ಇಡಿ ದೀಪಗಳ ಬೆಳಕು ಒಂದೇ ಕಡೆಯಿಂದ ಬಂದು ಬೀಳುವುದರಿಂದ ಬಣ್ಣಗಳು ಬೇರೆ ಬೇರೆಯಾಗಿ ಬಿಚ್ಚಿಕೊಳ್ಳುತ್ತವೆ. ಟ್ಯೂಬ್‌ಲೈಟಿನ ಬೆಳಕಾದರೋ ಉದ್ದಕ್ಕೂ ಹರಡಿರುವುದರಿಂದ, ಬಿಚ್ಚಿಕೊಂಡ ಬಣ್ಣಗಳು ಒಂದರ ಮೇಲೊಂದು ಬಿದ್ದು ಮತ್ತೆ ಬಿಳಿಯಾಗಿಬಿಡುತ್ತವೆ. ನೀವು ಕಂಡ ಬೂದು ಅದೇ. ಮೋಡ ಕವಿದ ದಿನವೂ ಹೀಗೇ ಆಗುತ್ತದೆ. ಮದುವೆ ಮಂಟಪದಲ್ಲಿ ವಿಡಿಯೋದವರ ದೀಪ ಮೇಲೆ ಬಿದ್ದಾಗ ನೋಡಿ, ಉಗುರು ಬಿಸಿಲಿನಲ್ಲಿ ಹೊಳೆದಂತೆಯೇ ಹೊಳೆಯುತ್ತದೆ.

ಕಲೆಗೆ ಮದ್ದೆಂದರೆ ಬೇಸ್ ಕೋಟ್, ಅಂದರೆ ಬಣ್ಣಕ್ಕೂ ಮೊದಲು ಉಗುರಿಗೆ ಹಚ್ಚುವ ತಳಪದರ. ಕಡುನೀಲಿಗೆ ಎರಡು ಪದರ ಹಚ್ಚಿದರೂ ಹೆಚ್ಚಲ್ಲ. ಈಗ ಹತ್ತಿರುವ ಕಲೆಯನ್ನು ಉಗುರು ಕೆರೆದು ತೆಗೆಯಬೇಡಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಅದು ತಾನಾಗಿ ಮುಂದೆ ಸರಿದು ಕತ್ತರಿಗೆ ಸಿಗುತ್ತದೆ. ಬಣ್ಣ ತೆಗೆಯುವಾಗಲೂ ತಿಕ್ಕಬೇಡಿ. ರಿಮೂವರಿನಲ್ಲಿ ನೆನೆಸಿದ ಹತ್ತಿಯನ್ನು ಉಗುರಿನ ಮೇಲಿಟ್ಟು, ಒಂದೆರಡು ನಿಮಿಷ ಒತ್ತಿ ಹಿಡಿದು, ಬುಡದಿಂದ ತುದಿಯ ಕಡೆಗೆ ಒಮ್ಮೆಲೇ ಎಳೆಯಿರಿ. ಆಗ ನೀಲಿ ಬಣ್ಣ ಚರ್ಮದ ಸಂದಿಗೆ ಇಳಿಯುವುದಿಲ್ಲ.

ಯಾದಗಿರಿಯ ಓದುಗಿ

ಅಕ್ಕನವರ ಮಾತಿಗೆ ನಮ್ಮ ಕಡೆಯ ಸೆಖೆಯನ್ನೂ ಸೇರಿಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ, ಅದರಲ್ಲೂ ಫ್ಯಾನಿನ ಕೆಳಗೆ, ಪಾಲಿಶಿನೊಳಗಿನ ದ್ರಾವಕ ಬೇಗ ಹಾರಿಹೋಗುತ್ತದೆ. ಮೇಲ್ಭಾಗ ಕೆನೆಗಟ್ಟಿದ್ದರೂ ಒಳಗೆ ಇನ್ನೂ ಹಸಿಯಾಗಿರುವ ಪದರದ ಮೇಲೆ ಬ್ರಷ್ ಆಡಿಸಿದರೆ ಅದು ಕಿತ್ತು ಬರುತ್ತದೆ. ಫ್ಯಾನ್ ಆರಿಸಿ, ಬೆಳಗಿನ ತಂಪಿನಲ್ಲಿ, ತೆಳುವಾಗಿ ಒಂದು ಉಗುರಿಗೆ ಮೂರೇ ಎಳೆತದಲ್ಲಿ ಹಚ್ಚಿ, ಐದು ನಿಮಿಷವಾದರೂ ಬಿಡಿ. ಬಾಟಲಿಯ ಬಣ್ಣ ಗಟ್ಟಿಯಾದರೆ ರಿಮೂವರ್ ಸುರಿಯಬೇಡಿ, ನೇಲ್ ಪಾಲಿಶ್ ಥಿನ್ನರ್‌ ಎರಡು ಹನಿ ಸಾಕು.

ಟಾಪ್ ಕೋಟ್, ಅಂದರೆ ಬಣ್ಣದ ಮೇಲಿನ ರಕ್ಷಣೆಯ ಪದರ, ಹಚ್ಚಿದರೆ ಹೋಲೋ ಮಂಕಾಗುತ್ತದೆಂದು ಕೆಲವರು ಬಿಟ್ಟುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಜೋಳದ ರೊಟ್ಟಿ ಬಡಿಯುವ ಕೈಗೆ ಟಾಪ್ ಕೋಟ್ ಇಲ್ಲದಿದ್ದರೆ, ಹಿಟ್ಟಿನ ಮೇಲೆ ಬೆರಳು ತುದಿ ಮತ್ತೆ ಮತ್ತೆ ಬಿದ್ದು ಎರಡನೆಯ ದಿನಕ್ಕೇ ಅಂಚು ಸವೆದು ಬಿಳಿ ಗೆರೆ ಕಾಣಿಸಿಕೊಳ್ಳುತ್ತದೆ. ಬಣ್ಣ ಪೂರ್ತಿ ಒಣಗಿದ ಮೇಲೆ, ಬ್ರಷ್ ಒತ್ತದೆ ಟಾಪ್ ಕೋಟನ್ನು ತೇಲಿಸಿ ಹಚ್ಚಿ, ಉಗುರಿನ ತುದಿಗೂ ಒಮ್ಮೆ ಸವರಿದರೆ ಹೊಳಪೂ ಉಳಿಯುತ್ತದೆ, ಅಂಚೂ ಉಳಿಯುತ್ತದೆ.

ನೀಲಿಬೆರಳು, ಬೀದರ್

ಇಬ್ಬರಿಗೂ ಮನಸಾರೆ ಧನ್ಯವಾದಗಳು. ಇಂದು ಬೆಳಿಗ್ಗೆ ಆರೂವರೆಗೆ ಫ್ಯಾನ್ ಆರಿಸಿ, ನೀವು ಹೇಳಿದಂತೆ ಎಡಗೈಗಷ್ಟೇ ಹಚ್ಚಿ ನೋಡಿದೆ. ಎಲ್ಲಿಯೂ ಕೀಳಲಿಲ್ಲ. ಕೋಣೆಯ ದೀಪ ಆರಿಸಿ ಮೊಬೈಲಿನ ಟಾರ್ಚ್ ಹಿಡಿದಾಗ, ಕಪ್ಪು ಬಿದರಿ ಹೂಜಿಯ ಮೇಲೆ ಬೆಳ್ಳಿಯ ಎಳೆ ಎದ್ದು ಕಾಣುವಂತೆ, ಆ ಕಡುನೀಲಿಯ ಮೇಲೆ ಬಣ್ಣದ ಗೆರೆ ಎದ್ದು ನಿಂತಿತು. ತಿಳಿಬಣ್ಣದ ಹೋಲೋ ನನ್ನ ಬಳಿ ಮೊದಲೇ ಇತ್ತು, ಅದರಲ್ಲಿ ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ನೋಡುತ್ತ ನಿಂತ ಅವ್ವ ತನ್ನ ಕಿರುಬೆರಳನ್ನೂ ಮುಂದೆ ಚಾಚಿದಳು, ಅದಕ್ಕೂ ಎರಡು ಪದರ ಬೇಸ್ ಕೋಟ್ ಹಾಕಿಯೇ ಹಚ್ಚಿದ್ದೇನೆ.